ಚೀಲ ಬಿಚ್ಚದೆ ಹೂತ ಸಸಿಗಳು

ನಗರದ ರಸ್ತೆ ಬದಿಗೆ ಸಸಿ ನೆಡಿಸುವ ಅಧಿಕಾರಿಗಳೇ,

‘ಮಾನ್ಯರೇ’ ಎಂದು ಬರೆದು, ಹೊಡೆದುಹಾಕಿದ್ದೇನೆ. ಹೋದ ಮಳೆಗಾಲದಲ್ಲಿ ಉದ್ಯಮಬಾಗದ ರಸ್ತೆಗೆ ನೀವು ನೆಡಿಸಿದ ಹೊಂಗೆ ಸಸಿಗಳು ಒಣಗಿದವು. ಅದಕ್ಕೆ ಖಾನಾಪುರದ ನರ್ಸರಿಯ ‘ರೋಗಿಷ್ಟ ಮಾಲು’ ಕಾರಣವೆಂದು ತುಂಬಿದ ಸಭೆಯಲ್ಲಿ ಮೈಕ್ ಹಿಡಿದು ಹೇಳಿದಿರಿ. ಆ ನರ್ಸರಿ ನನ್ನದು. ಸಸಿಗಳಿಗೆ ರೋಗವಿರಲಿಲ್ಲ. ನಿಮ್ಮವರು ಅವನ್ನು ಪ್ಲಾಸ್ಟಿಕ್ ಚೀಲ ಬಿಚ್ಚದೆಯೇ ಹೂತಿದ್ದರು.

ಮೊದಲು ನಿಮ್ಮ ಮಾತನ್ನೇ ನಂಬಿದೆನಲ್ಲ, ಈಗ ಹೆಚ್ಚು ಉರಿಯುವುದು ಅದಕ್ಕೆ. ಗೊಬ್ಬರ ಸರಿಯಾಗಿ ಕಳಿತಿರಲಿಲ್ಲವೇ? ಮಣ್ಣಿನಲ್ಲಿ ಹುಳವಿತ್ತೇ? ಕಲಸಿಟ್ಟ ಮಣ್ಣಿನ ರಾಶಿಯನ್ನೆಲ್ಲ ಹೊರಗೆ ಚೆಲ್ಲಿಸಿದೆ. ನನ್ನ ಜೊತೆ ಚೀಲಕ್ಕೆ ಮಣ್ಣು ತುಂಬುವ ಮಾಯವ್ವ ಸೊಂಟಕ್ಕೆ ಕೈಕೊಟ್ಟು ನೋಡುತ್ತ ನಿಂತಿದ್ದಳು.

“ಅಕ್ಕಾರ, ಮೈಕಿನಾಗ ಮಾತಾಡಿದಾಂವಗ ಎಲ್ಲಾ ಗೊತ್ತಿರತೈತಿ ಅಂತ ನಿಮಗ ಯಾವ ಸಾಲ್ಯಾಗ ಕಲಿಸ್ಯಾರ್ರೀ?”

“ಇಂಗ್ಲಿಷ್ ಸಾಲ್ಯಾಗ,” ಎಂದೆ.

“ಅದಕ್ಕ,” ಎಂದಳು.

ಮರುದಿನ ಇಬ್ಬರೂ ಬಸ್ಸು ಹಿಡಿದು ಆ ರಸ್ತೆಗೆ ಹೋದೆವು. ಒಂದು ಸಸಿ ಹಿಡಿದೆಳೆದೆ, ಮೂಲಂಗಿಯಂತೆ ಎದ್ದುಬಂತು. ನಾನು ಕಳಿಸಿದ ಕರಿ ಚೀಲ ಹಾಗೇ ಇತ್ತು. ಹೊರಗೆ ಹೋಗಲು ದಾರಿಯಿಲ್ಲದೆ ಬೇರು ಒಳಗೇ ಸುತ್ತಿ ಸುತ್ತಿ ಹಗ್ಗವಾಗಿತ್ತು. ಮುಂದಿನದೂ ಹಾಗೇ, ಅದರ ಮುಂದಿನದೂ ಹಾಗೇ. ಸಾಲಿನ ಮೊದಲ ಗಿಡವೊಂದೇ ಹಸಿರಾಗಿತ್ತು. ಅದನ್ನು ನೆಟ್ಟವರು ಯಾರೆಂದು ಚಹಾ ಗಾಡಿಯ ಭರಮಣ್ಣನನ್ನು ಕೇಳಿದೆ.

“ಅದನ್ನ ಸಾಹೇಬ್ರ ಹಚ್ಯಾರ್ರಿ. ಪ್ಲಾಸ್ಟಿಕ್ ಚಂದ ಕಾಣಂಗಿಲ್ಲ ಅಂತ ಫೋಟೊದಾಂವ ಅಂದ. ಅದಕ್ಕ ಅದೊಂದರದು ಹರದು ಒಗದ್ರು.”

ಅಂದರೆ ನಿಮ್ಮ ಗಿಡ ಬದುಕಿದ್ದು ಫೋಟೊಗ್ರಾಫರನ ಕೃಪೆಯಿಂದ. ಅದೂ ನನ್ನ ರೋಗಿಷ್ಟ ಮಾಲೇ ಅಲ್ಲವೇ? ನಿಮ್ಮ ಕೈ ತಾಗಿದೊಡನೆ ಅದರ ರೋಗ ವಾಸಿಯಾಯಿತೇ?

ನಿಮ್ಮ ಭಾಷಣದ ನಂತರ, ಈ ಮಳೆಗಾಲಕ್ಕೆ ಸಸಿ ಕೇಳಿದ್ದ ಶಾಲೆಗಳೂ ಕಾರ್ಖಾನೆಗಳೂ ಗಾಡಿ ಕಳಿಸಲಿಲ್ಲ. ನನ್ನ ಕಸಿ ಮಾವುಗಳು ಒಯ್ಯುವವರಿಲ್ಲದೆ ನರ್ಸರಿಯಲ್ಲೇ, ಚೀಲದಲ್ಲೇ ಬಲಿಯುತ್ತಿವೆ. ಇನ್ನೊಂದು ಮಳೆಗಾಲ ಹೀಗೇ ಕಳೆದರೆ ಬಾಗಿಲು ಹಾಕಬೇಕು. ಎಳೆದು ತೆಗೆದ ಸಸಿಗಳ ಫೋಟೊ ಕಳಿಸಿದ್ದಕ್ಕೆ ನೀವು ಫೋನಿನಲ್ಲಿ ಹೇಳಿದಿರಿ: “ಮೇಡಂ, ಆಗಿದ್ದ ಆತು, ಬಿಡ್ರಲಾ. ಮುಂದಿನ ಆರ್ಡರ್ ನಿಮಗ ಕೊಡಸ್ತೇನಿ.” ಬೈದದ್ದು ಊರಿನ ಮುಂದೆ, ಸಮಾಧಾನ ಕಿವಿಯಲ್ಲಿ. ಇದು ಯಾವ ಲೆಕ್ಕ?

ನನಗೆ ಬೇಕಿರುವುದು ನ್ಯಾಯವೋ ಸೇಡೋ ಎಂದು ನನ್ನನ್ನೇ ಹಲವು ಸಲ ಕೇಳಿಕೊಂಡೆ. ಸತ್ತ ಗಿಡಗಳಿಗಾಗಿ ಬರೆಯುತ್ತಿದ್ದೇನೆ ಎಂದುಕೊಳ್ಳುವ ಆಸೆಯಿತ್ತು. ಅಲ್ಲ, ಸೇಡಿಗಾಗಿಯೇ.

ಅದೇ ಸಭೆ ಕರೆಯಿರಿ. ಒಣಗಿದ ಸಸಿಯೊಂದನ್ನು ಚೀಲ ಸಮೇತ ಎತ್ತಿ ಹಿಡಿದು, ಕೊಂದದ್ದು ನಾವು ಎಂದು ಅದೇ ಮೈಕಿನಲ್ಲಿ ಹೇಳಿರಿ. ಅಲ್ಲಿಯವರೆಗೆ ನಾನು ಸುಮ್ಮನಿರುವವಳಲ್ಲ. ಮನೆಗೊಂದು ಗುಲಾಬಿ ಒಯ್ಯುವವರು ಈಗಲೂ ಬರುತ್ತಾರೆ, ಹೇಗೆ ನೆಡಬೇಕೆಂದು ಕೇಳುತ್ತಾರೆ. ಮೊದಲು ಚೀಲ ಬಿಚ್ಚಿ ಎನ್ನುತ್ತೇನೆ. ಬಿಚ್ಚದಿದ್ದವರ ಕಥೆಯನ್ನೂ ನಿಮ್ಮ ಹುದ್ದೆ ಸಮೇತ ಹೇಳಿ ಕಳಿಸುತ್ತೇನೆ. ಅವರು ನಗುತ್ತಾ ಹೋಗಿ ಓಣಿಯವರಿಗೆ ಹೇಳುತ್ತಾರೆ. ನಿಮಗೆ ಎಂದಾದರೂ ವರ್ಗಾವಣೆಯಾಗುತ್ತದೆ. ಕಥೆಗೆ ಆಗುವುದಿಲ್ಲ.

ಇಂತಿ,
ಚುಟುಕಾಗಿ ಬೈಯಲು ಬಾರದೆ ಇಷ್ಟುದ್ದ ಬರೆಯಬೇಕಾಗಿ ಬಂದ
ಕೇತಕಿ, ಖಾನಾಪುರ