ಬರುವವರನ್ನು ಕರೆಯಬಾರದು

ಮೇ 4, ಸೋಮವಾರ, ಬೆಳಿಗ್ಗೆ

ಬ್ಯಾನಕ್ ರೊಟ್ಟಿ ಬೆಂದಿತು. ಚಹಾ ಎರಡನೇ ಕೆಟಲ್. ಬೆಂಕಿಯ ಮುಂದೆ ದಾರಗಳು ಖಾಲಿ ನೇತಾಡುತ್ತಿವೆ. ಬಿಡಾರಕ್ಕೆ ಬಂದು ಮೂರು ದಿನ ಆಯಿತು, ಕಟ್ಟಿ ಸುಡಲು ಒಂದು ಹೆಬ್ಬಾತೂ ಇಲ್ಲ. ಕೊಲ್ಲಿಯ ಮೇಲೆ ಮಾತ್ರ ಹಿಂಡು ಹಿಂಡು. ಕೇಳುತ್ತಲೇ ಇದ್ದೇನೆ... ಗಂಡಿನದು ತಗ್ಗಿದ ದನಿ, ಹಿಂದೆಯೇ ಹೆಣ್ಣಿನದು ಏರಿದ ದನಿ.

ನಡುವೆ ಆ ಪೀಪಿ.

ಅದನ್ನು ಪೀಪಿ ಎನ್ನಬಾರದು ಎನ್ನುತ್ತಾನೆ ಡೆಲ್ಬರ್ಟ್. 'ಕಾಲ್' ಎನ್ನಬೇಕಂತೆ. ಹಸಿರು ಗಾಜಿನಂಥ ಪ್ಲಾಸ್ಟಿಕ್, ಒಳಗೆ ನಾಲಿಗೆಯಷ್ಟು ಪಟ್ಟಿ. ದಕ್ಷಿಣದಿಂದ ತರಿಸಿದ್ದು. ಅಣ್ಣನ ಅಳಿಯ ಅವನು. ಈ ವಸಂತದ ಬೇಟೆಗೆ ಹೆಬ್ಬಾತುಗಳನ್ನು ಕರೆಯುವವನೂ ಅವನೇ. ಅಣ್ಣ ಬೆರಳು ತೋರಿಸಿ ನೇಮಿಸಿದ್ದಾನೆ.

ಸಿಂಕ್ಲೇರ್ ಅಣ್ಣ ಬೇಟೆ ಯಜಮಾನ. ಯಾವತ್ತು ಮರೆಯಲ್ಲಿ ಅಡಗಿ ಕೂರಬೇಕು, ಯಾವತ್ತು ಕೋವಿ ಮುಟ್ಟಬಾರದು, ಯಾರು ಕರೆಯಬೇಕು, ಎಲ್ಲ ಅವನ ಮಾತು. ಮಾತು ಎಂದೆನೇ? ಚಳಿಗಾಲದಲ್ಲಿ ಮಾಂಟ್ರಿಯಲ್‌ನಲ್ಲಿ ಗಂಟಲು ಕೊಯ್ದು ತೆಗೆದರು. ಈಗ ಕತ್ತಿನಲ್ಲಿ ತೂತು, ಉಸಿರು ಅಲ್ಲಿಂದ. ದನಿಯಿಲ್ಲ, ಬರೀ ತುಟಿ, ಬರೀ ಕೈಸನ್ನೆ. ಮಾತಾಡಲೆಂದು ಆಸ್ಪತ್ರೆಯವರು ಕೊಟ್ಟ ಗುಂಯ್‌ಗುಡುವ ಯಂತ್ರವನ್ನು ಮನೆಯಲ್ಲೇ ಬಿಟ್ಟು ಬಂದಿದ್ದಾನೆ.

ಅವನ ದನಿ ಹೋಯಿತು, ಸರಿ. ನನ್ನದು ಇತ್ತಲ್ಲ! ಬಾಯಿಂದಲೇ ಬಾತು ಕರೆಯುವುದನ್ನು ಅಪ್ಪ ಕಲಿಸಿದ್ದು ಇಬ್ಬರಿಗೂ ಒಟ್ಟಿಗೇ. ಅಣ್ಣನದು ಗಂಡು ಬಾತಿನ ದನಿ, ನನ್ನದು ಹೆಣ್ಣಿನದು. ಅವನು ಕರೆದರೆ ನಾನು ಓಗೊಡಬೇಕು. ಮದುವೆಯಾಗಿ ಗಂಡನ ಬಿಡಾರಕ್ಕೆ ಹೋದೆ. ಗಂಡ ತೀರಿದ ಮೇಲೆ ಇಲ್ಲಿಗೆ ಮರಳಿದೆ. ಕೈಗೆ ಸೌಟು ಕೊಟ್ಟರು.

ಹಿತ್ತಲ ಗಿಡ ಮದ್ದಲ್ಲ.

ಮೇ 5

ಸೊನ್ನೆ.

ಹಿಲ್ಡಾ ಅತ್ತಿಗೆ ಸಮಾಧಾನ ಹೇಳಲು ಬಂದಳು. "ಯಾಕ್ ಅಷ್ಟ್ ಮುಖ ಊದಿಸ್ಕೋತೀಯೇ ಲೂಯಿಸಾ? ಬಾತು ಸಿಗ್ದಿದ್ರೆ ಅಂಗಡೀಲಿ ಕೋಳಿ ಸಿಗತ್ತೆ, ಬಿಡು."

ಕೋಳಿ! ಐರಿಸ್‌ಳ ಹೊರನಡೆಗೆ ಕೋಳಿ!

ನನ್ನ ಮಗಳ ಮಗಳು ಐರಿಸ್ ನಡೆಯಲು ಕಲಿತಿದ್ದಾಳೆ. ಇಂದಿಗೂ ಅವಳ ಪಾದ ಹೊರಗಿನ ನೆಲ ಮುಟ್ಟಿಲ್ಲ, ಮುಟ್ಟಲು ನಾವು ಬಿಟ್ಟಿಲ್ಲ. ಮುಂದಿನ ವಾರದ ಶನಿವಾರ ಬೆಳಗಾಗುವಾಗ ಡೇರೆಯಿಂದ ಹೊರಗೆ ಮೊದಲ ಹೆಜ್ಜೆ ಇಡುತ್ತಾಳೆ, ಅದೇ ಹೊರನಡೆ. ಒಳಗೆ ಬಂದು ಹಿರಿಯರಿಗೆ ಹೆಬ್ಬಾತು ಹಂಚಬೇಕು. ಪ್ಲಾಸ್ಟಿಕ್ ಪೀಪಿ ಊದಿದ್ದಕ್ಕೆ ಪ್ಲಾಸ್ಟಿಕ್ ಚೀಲದ ಕೋಳಿ. ಜೋಡಿ ಚೆನ್ನಾಗಿದೆ.

ಮೇ 7, ಮಧ್ಯಾಹ್ನ

ತಡೆಯಲಾಗಲಿಲ್ಲ. ಮರೆಗೆ ಚಹಾ ಒಯ್ಯುವ ನೆಪದಲ್ಲಿ ಹೋಗಿ ಕೂತೆ. ಐದು ಹೆಬ್ಬಾತು ದಕ್ಷಿಣದಿಂದ. ಡೆಲ್ಬರ್ಟ್ ಊದಿದ. ಕೆಟ್ಟದಾಗಿ ಊದುತ್ತಾನೆ ಎನ್ನಲಾರೆ — ಫೋನ್ ನೋಡಿ ಕಲಿತವನಿಗೆ ಅದೇ ಹೆಚ್ಚು. ಐದೂ ತಿರುಗಿದವು. ರೆಕ್ಕೆ ಬಿಗಿ ಹಿಡಿದು, ಸೆಳೆಯಲೆಂದು ಇಟ್ಟ ಬೊಂಬೆ ಬಾತುಗಳತ್ತ ನೇರ ಇಳಿಯತೊಡಗಿದವು.

ಅವನು ನಿಲ್ಲಿಸಲಿಲ್ಲ. ಊದಿದ, ಊದಿದ, ಊದಿದ. ಐದೂ ಗಕ್ಕನೆ ಮೇಲಕ್ಕೆದ್ದು ಕೊಲ್ಲಿಯ ಆಚೆ ಹೋದವು.

"ಬರ್ತಾ ಇರೋರನ್ನ ಯಾವನೋ ಕರೀತಾನೆ?" ಕೂಗಿಬಿಟ್ಟೆ. "ಬಾಗ್ಲಿಗೆ ಬಂದ ನೆಂಟ್ರ ಮುಖಕ್ಕೆ 'ಬನ್ನಿ, ಬನ್ನಿ' ಅಂತ ಕಿರುಚಿದ್ರೆ ಅವ್ರು ಒಳಗ್ ಬರ್ತಾರಾ?"

"ಈ ವರ್ಷದ ಬಾತುಗಳೇ ಹೆದರುಪುಕ್ಲು, ಅತ್ತೆ."

"ಹೌದಪ್ಪಾ. ಕುಣಿಯೋಕೆ ಬಾರ್ದೋನಿಗೆ ನೆಲ ಡೊಂಕು!"

ಅವನು ತಲೆ ತಗ್ಗಿಸಿದ. ಅಣ್ಣ ನಡುವೆ ಕೂತು ನೀರನ್ನೇ ನೋಡುತ್ತಿದ್ದ. ನನ್ನತ್ತ ತಿರುಗಲೂ ಇಲ್ಲ. ಚಹಾವನ್ನು ಹಿಮಕ್ಕೆ ಚೆಲ್ಲಿ ಬಂದೆ.

ಮೇ 8

ಅಣ್ಣನನ್ನೇ ಕೇಳಿದೆ. ಎಲ್ಲರ ಮುಂದೆ, ಊಟಕ್ಕೆ ಕೂತಾಗ. "ಅಂಗಡಿ ಸಾಮಾನು ಕೇಳೋಕ್ ಮುಂಚೆ ನನ್ನ ಕೇಳ್ಬಹುದಿತ್ತಲ್ಲ ಅಣ್ಣಾ? ನನ್ನ ಗಂಟ್ಲಿಗೇನಾಗಿತ್ತು?"

ಗಂಟಲು ಎಂಬ ಮಾತು ಬಾಯಿಂದ ಬಿದ್ದಾಗಿತ್ತು. ಅಣ್ಣ ತಟ್ಟೆ ಕೆಳಗಿಟ್ಟ. ಎದ್ದ. ಹೋದ.

ಹೋಗಲಿ.

ಮೇ 12, ಮಂಗಳವಾರ

ಮೂರು ದಿನ ಬರೆಯಲಿಲ್ಲ. ಬರೆದಿದ್ದರೆ ಹಾಳೆ ಹರಿದುಹೋಗುತ್ತಿತ್ತು. ಮೂರು ದಿನದಲ್ಲಿ ಎರಡು ಬಾತು, ಎರಡೂ ಬಡಕಲು.

ಇಂದು ಗಾಳಿಯಿಲ್ಲ. ಒಂದು ಕಡ್ಡಿಯೂ ಅಲುಗುತ್ತಿಲ್ಲ. ಇಂಥ ದಿನ ಗುಂಡಿನ ಸದ್ದು ದಡದುದ್ದಕ್ಕೂ ಓಡುತ್ತದೆ. ಒಂದು ಸಲ ಹೊಡೆದರೆ ಹೆಬ್ಬಾತುಗಳು ಈ ಕೊಲ್ಲಿಯನ್ನೇ ಬಿಟ್ಟುಬಿಡುತ್ತವೆ. ಅಣ್ಣ ಅಂಗೈ ಕೆಳಗೆ ಮಾಡಿ ತೋರಿಸಿದ: ಕೋವಿ ಬೇಡ. ಎಲ್ಲರೂ ಬಿಡಾರದಲ್ಲೇ.

ಸೌದೆಗೆಂದು ಹಿಂದಿನ ವಿಲೋ ಪೊದೆಗಳತ್ತ ಹೋದೆ. ಏನೋ ಸದ್ದು. ಗಾಯಗೊಂಡ ಪ್ರಾಣಿಯೇನೋ ಎಂದುಕೊಂಡೆ. ಅಣ್ಣ. ಬೆನ್ನು ನನ್ನ ಕಡೆಗೆ. ಪಕ್ಕದಲ್ಲಿ ಕಾಫಿ ಡಬ್ಬಿ, ಅದರ ತುಂಬ ಪೀಪಿಗಳು. ಮರದ್ದು, ಕಪ್ಪು, ಕೊಳಲಿನಂತೆ ಉದ್ದದ್ದು. ಒಂದೊಂದನ್ನೇ ತೆಗೆದು ಕತ್ತಿನ ತೂತಿಗೆ ಒತ್ತಿ ಹಿಡಿಯುತ್ತಿದ್ದ. ಉಸಿರು ಪಕ್ಕದಿಂದ ಸೋರುತ್ತಿತ್ತು. ಫುಸ್... ಫುಸ್... ಒಮ್ಮೆ ಸಣ್ಣ ಕೀರಲು. ಮತ್ತೆ ಫುಸ್. ಕೆಮ್ಮು. ಇನ್ನೊಂದನ್ನು ತೆಗೆದ.

ಸೌದೆ ಅಲ್ಲೇ ಬಿಟ್ಟು ಹಿಂದೆ ಬಂದೆ. ಡೆಲ್ಬರ್ಟ್‌ನ ರಟ್ಟೆ ಹಿಡಿದು, ಆ ಡಬ್ಬಿಯ ಪೀಪಿಗಳು ಯಾರವೆಂದು ಕೇಳಿದೆ.

"ಅವು ನಂದಲ್ಲ ಅತ್ತೆ. ಎಲ್ಲಾ ಮಾವಂದೇ. ಯಾವುದಾದ್ರೂ ಒಂದು ತನ್ಗೆ ಒಗ್ಗತ್ತೆ ಅಂತ ಚಳಿಗಾಲವೆಲ್ಲಾ ಆರಿಸಿ ಆರಿಸಿ ತರಿಸಿದ್ರು. ಒಂದೂ ಆಗ್ಲಿಲ್ಲ. ಹಸಿರುದ್ದನ್ನ ನನ್ನ ಕೈಗಿಟ್ರು. ಯಾರ್ಗೂ ಹೇಳ್ಬೇಡ ಅಂತ ಸನ್ನೆ ಮಾಡಿದ್ರು."

"ನಾನು ಅಷ್ಟು ಬೈದಾಗಾದ್ರೂ ಬಾಯಿ ಬಿಡಬಾರ್ದಾ?"

"ಬೈಸ್ಕೊಳ್ಳೋಕೆ ನನ್ಗೇನ್ ಕಷ್ಟ ಅತ್ತೆ? ಅವ್ರಿಗೆ ಆಗಿದ್ರೆ ಕಷ್ಟ."

ಈಗ ಈ ಕೋಪವನ್ನು ಯಾರ ತಲೆಗೆ ಕಟ್ಟಲಿ? ದೇವರೇ, ಎಂಟು ದಿನದಿಂದ ಕಾಯಿಸಿ ಇಟ್ಟಿದ್ದೆ. ಅಣ್ಣನ ಮೇಲೇ ಮತ್ತೆ ಉಕ್ಕಿತು. ತೂತಿಗೆ ಪೀಪಿ ಒತ್ತುವಷ್ಟು ಹಟ, ತಂಗಿಯ ಹತ್ತಿರ 'ಬಾ' ಎನ್ನಲು ಮಾತ್ರ ತುಟಿ ಅಲುಗದು.

ಅಡುಗೆ ಡೇರೆಯ ಮುಂದೆ ನಿಂತೆ. ಕೈಯನ್ನು ಬಾಯಿಗೆ ಬೊಗಸೆ ಮಾಡಿದೆ. ಸಿಟ್ಟೆಲ್ಲ ಸೇರಿಸಿ ಕರೆದೆ. ಹೆಣ್ಣಿನ ದನಿ. ಕರೆದರೆ ತಪ್ಪೇನು? ಹೊಡೆದರೆ ತಾನೇ ತಪ್ಪು.

ಕೊಲ್ಲಿಯ ಆಚೆ ಒಂದು ಗೆರೆ ಬಾಗಿತು. ಮತ್ತೆ ಕರೆದೆ. ತಿರುಗಿದವು. ಬಾಯಿ ಮುಚ್ಚಿದೆ. ಇಪ್ಪತ್ತೋ ಮೂವತ್ತೋ... ಡೇರೆಯ ಹೊಗೆಯನ್ನೂ ಲೆಕ್ಕಿಸದೆ ತಲೆಯ ಮೇಲೆಯೇ ಬಂದು, ಎದುರಿನ ಜೌಗಿನಲ್ಲಿ ಇಳಿದವು. ಡೆಲ್ಬರ್ಟ್‌ನ ಕೈ ಕೋವಿಯತ್ತ ಹೋಯಿತು. ಪೊದೆಯ ಬಳಿ ನಿಂತಿದ್ದ ಅಣ್ಣ ಅಂಗೈ ಕೆಳಗೆ ಮಾಡಿದ. ಯಾರೂ ಮುಟ್ಟಲಿಲ್ಲ. ಅವು ತಮ್ಮ ಪಾಡಿಗೆ ಮೇಯ್ದವು.

ಅಣ್ಣ ನನ್ನನ್ನೇ ನೋಡುತ್ತಿದ್ದ. ನಾನು ಒಳಗೆ ಹೋಗಿ ಹಿಟ್ಟು ನಾದಿದೆ. ಅತ್ತೆನೇನೋ. ಹಿಟ್ಟು ಉಪ್ಪಾಯಿತು ಎಂದಳು ಅತ್ತಿಗೆ.

ಮೇ 13, ಬೆಳಿಗ್ಗೆ, ಮರೆಯಲ್ಲಿ

ವಾಯವ್ಯದ ಗಾಳಿ. ಒಳ್ಳೆಯ ಗಾಳಿ.

ಬೆಳಕು ಹರಿಯುವಾಗ ಅಣ್ಣ ಅಡುಗೆ ಡೇರೆಯ ಬಾಗಿಲ ಬಟ್ಟೆ ಎತ್ತಿದ. ನನ್ನ ಬೂಟುಗಳನ್ನು ಹಿಡಿದು ತಂದಿದ್ದ. ಕಾಲ ಬಳಿ ಇಟ್ಟ. ಕೈಯಿಂದ ಸೌಟು ಕಿತ್ತು ಡೆಲ್ಬರ್ಟ್‌ಗೆ ಕೊಟ್ಟ. ಆ ಹುಡುಗಾಟದವನು ಅದನ್ನು ತಿರುಗಿಸಿ ನೋಡಿ, "ಇದನ್ನ ಯಾವ ಕಡೆಯಿಂದ ಊದೋದು ಅತ್ತೆ?" ಎಂದ. ನಗಬಾರದೆಂದಿದ್ದೆ. ನಕ್ಕುಬಿಟ್ಟೆ.

ಅಣ್ಣ ತಪ್ಪಾಯಿತು ಎನ್ನಲಿಲ್ಲ. ನಾನೂ ಎನ್ನಲಿಲ್ಲ. ಬೂಟು ತಂದ ಮಾತ್ರಕ್ಕೆ ಓಡಿ ಬಂದೆನಲ್ಲ, ಅದಕ್ಕೂ ಸಿಟ್ಟು ಇದೆ.

ಒಬ್ಬರಿಗೊಬ್ಬರು ಅಂಟಿ ಕೂತಿದ್ದೇವೆ. ಅವನ ಎಡಗೈ ನನ್ನ ಮೊಣಕಾಲಿನ ಮೇಲೆ ಬಿದ್ದರೆ ಕರೆಯಬೇಕು. ಎತ್ತಿದರೆ ನಿಲ್ಲಿಸಬೇಕು. ಮೊದಲ ಹಿಂಡು ಬಂತು. ಕೈ ಬಿತ್ತು. ಕರೆದೆ. ತಿರುಗಿದವು! ಕೈ ಎತ್ತಿದ. ನಾನು ನಿಲ್ಲಿಸಬೇಕಲ್ಲ... ನಿಲ್ಲಲಿಲ್ಲ. ಇಷ್ಟು ವರ್ಷದ ಮೇಲೆ ಬಾಯಿ ಸಿಕ್ಕಿದೆ, ಕರೆದೆ, ಕರೆದೆ. ಗಕ್ಕನೆ ಮೇಲೆದ್ದು ಹೋದವು. ಥೇಟ್ ಡೆಲ್ಬರ್ಟ್!

ಅಣ್ಣನ ಭುಜ ಕುಲುಕುತ್ತಿತ್ತು. ಕತ್ತಿನ ತೂತಿನಿಂದ ಫುಸ್ ಫುಸ್. ನಗುತ್ತಿದ್ದಾನೆ, ಮುದುಕ.

ಎರಡನೇ ಹಿಂಡು. ದೊಡ್ಡದು. ಕೈ ಬಿತ್ತು. ಕರೆದೆ. ಎತ್ತಿದ. ಈ ಸಲ ನಿಲ್ಲಿಸಿದ್ದೇನೆ. ಬಾಯಿ ತುರಿಸುತ್ತಿದೆ, ಅದನ್ನು ಕಟ್ಟಿಹಾಕಲೆಂದೇ ಇದನ್ನು ಜೇಬಿನಿಂದ ತೆಗೆದು ಬರೆಯುತ್ತಿದ್ದೇನೆ. ತಲೆ ಎತ್ತಬಾರದು. ರೆಕ್ಕೆಯ ಸದ್ದು ಕೇಳುತ್ತಿದೆ. ಗಂಡೊಂದು ತಗ್ಗಿದ ದನಿಯಲ್ಲಿ ಕರೆಯುತ್ತಿದೆ, ಓಗೊಡುವವರಿಲ್ಲ. ಅಣ್ಣ ನನ್ನ ಕಡೆ ತಿರುಗಿದ. ಕಣ್ಣು ತುಂಬಿದೆ. ಕೈ ಮತ್ತೆ ಮೊಣಕಾಲಿಗೆ ಬಂತು, ಮೆಲ್ಲಗೆ, ಒಂದೇ ಒಂದು ಸಲ ಓಗೊಡು ಎಂದು. ಪೆನ್ನು ಕೆಳಗಿಡುತ್ತೇನೆ...