ಲ್ಯಾಪ್‌ಟಾಪ್ ದೀಪ ಮತ್ತು ಏಳನೇ ಪ್ರಶ್ನೆ

ಮಾರ್ಚ್ 3, ಬೆಳಿಗ್ಗೆ 9.10, ಸ್ಟಾಫ್‌ರೂಂ

ಇವತ್ತೂ ಆದದ್ದು ಎರಡೇ ಪ್ರಶ್ನೆ. ಒಟ್ಟು ನಾಲ್ಕು. ಇನ್ನೂ ಆರು ಬಾಕಿ. ಮನೆಯಲ್ಲಿ ನನ್ನ ಟೇಬಲ್ಲಿಗೆ ತಾಗಿಕೊಂಡೇ ಅಕ್ಕನ ಹೊಲಿಗೆ ಮಿಷನ್. ಅವಳು ಪೆಡಲ್ ತುಳಿದರೆ ಸ್ಕ್ರೀನ್ ನಡುಗುತ್ತದೆ, ಜೊತೆಗೆ ನನ್ನ ತಲೆಯೂ. ಫಿಸಿಕ್ಸ್, ಎರಡನೇ ವರ್ಷ, ವಾರ್ಷಿಕ ಪರೀಕ್ಷೆಯ ಪೇಪರ್. ಹನ್ನೆರಡನೇ ತಾರೀಖು ಪ್ರಿನ್ಸಿಪಾಲರ ಕೈಗೆ ಸೀಲ್ ಮಾಡಿದ ಕವರ್ ಹೋಗಬೇಕು.

ಅದೇ ಪರೀಕ್ಷೆಗೆ ಗುಬ್ಬಿ ಕೂರುತ್ತಾಳೆ. ಅಕ್ಕನ ಮಗಳು. ಪೇಪರ್ ತೆಗೆಯುವ ಕೆಲಸ ನನಗೆ ಬೇಡ ಎಂದು ಪ್ರಿನ್ಸಿಪಾಲರಿಗೆ ಹೇಳಿ ನೋಡಿದೆ. ಪರೀಕ್ಷೆಗೆ ಕೂರುವ ಸಂಬಂಧಿಕರಿಲ್ಲ ಎಂದು ಬರೆದುಕೊಡುವ ಫಾರಂ ಹಿಂದೆ ಮುಂದೆ ತಿರುಗಿಸಿದರು. "ಗಂಡ, ಹೆಂಡತಿ, ಮಕ್ಕಳು ಅಂತಷ್ಟೇ ಇದೆ ಇವ್ರೇ. ಅಕ್ಕನ ಮಗಳು ಲೆಕ್ಕಕ್ಕಿಲ್ಲ. ಸೈನ್ ಹಾಕಿ." ಹುಟ್ಟಿದಾಗಿನಿಂದ ನಾನೇ ಎತ್ತಿ ಆಡಿಸಿದ ಹುಡುಗಿ ಫಾರಂ ಪ್ರಕಾರ ನನಗೆ ಏನೂ ಅಲ್ಲ. ಸೈನ್ ಹಾಕಿದೆ.

ಹೋದ ವರ್ಷ ಕಾಮಾಲೆ ಬಂದು ಅವಳ ಪರೀಕ್ಷೆ ತಪ್ಪಿತು. ಈ ಸಲ ಆಗಲೇಬೇಕು. "ಇಲ್ದಿದ್ರೆ ಈ ಮಿಷನ್ನೇ ಗತಿ" — ಅಕ್ಕ ಇದನ್ನು ದಿನಕ್ಕೆ ಎರಡು ಸಲ ಹೇಳುತ್ತಾಳೆ, ಮಾತ್ರೆ ತೆಗೆದುಕೊಂಡ ಹಾಗೆ.

ಲ್ಯಾಪ್‌ಟಾಪ್ ಕಾಲೇಜಿಗೆ ತರುವುದಿಲ್ಲ. ಸ್ಟಾಫ್‌ರೂಮಿನಲ್ಲಿ ಹನ್ನೊಂದು ಜೊತೆ ಕಣ್ಣು. ಮನೆಯೇ ಸುರಕ್ಷಿತ. ಮುಚ್ಚಳ ಮುಚ್ಚಿ ಬಂದಿದ್ದೇನೆ.

ಮಾರ್ಚ್ 4

ಚಾರ್ಜರ್ ಪಿನ್ ಸಡಿಲ. ಕಂಪ್ಯೂಟರ್ ಲ್ಯಾಬಿನವನಿಗೆ ತೋರಿಸಲು ಇವತ್ತೊಂದು ದಿನ ತಂದೆ. ಪಿನ್ನು ಬಿಟ್ಟು ಅವನ ಕಣ್ಣು ಬೇರೆಲ್ಲೋ ಹೋಯಿತು.

"ಸರ್, ನೀವು ಇದನ್ನ ಆಫ್ ಮಾಡೋದೇ ಇಲ್ವಾ?"

"ಮುಚ್ಚಿದ್ದೀನಲ್ಲಪ್ಪಾ."

"ಮುಚ್ಚಿದ್ರೆ ಆಫ್ ಆಗಲ್ಲ ಸರ್. ಸ್ಲೀಪ್‌ಗೆ ಹೋಗುತ್ತೆ. ದೀಪ ಮಿಣುಕ್ತಿದೆ ನೋಡಿ. ಒಳಗೆ ಎಲ್ಲಾ ಹಾಗೇ ಇರುತ್ತೆ, ಬ್ಯಾಟರಿ ತಿಂತಾ ಇರುತ್ತೆ. ಯಾರಾದ್ರೂ ಮುಚ್ಚಳ ಎತ್ತಿದ್ರೆ ನೀವು ಬರೀತಿದ್ದ ಪೇಜೇ ಎದುರಿಗೆ."

ಆರು ವರ್ಷದಿಂದ ಇದನ್ನು ಆಫ್ ಅಂದುಕೊಂಡಿದ್ದೆ. ಇಪ್ಪತ್ತಮೂರು ವರ್ಷದಿಂದ ಮಕ್ಕಳಿಗೆ ಕರೆಂಟು ಪಾಠ ಮಾಡುತ್ತಿದ್ದೇನೆ, ನನ್ನ ಮೇಜಿನ ಮೇಲಿನ ದೀಪ ಯಾಕೆ ಮಿಣುಕುತ್ತದೆ ಎಂದು ಒಮ್ಮೆಯೂ ಕೇಳಿಕೊಳ್ಳಲಿಲ್ಲ.

ಹೈಬರ್ನೇಟ್ ಎಂಬುದೊಂದಿದೆಯಂತೆ. ತೆರೆದಿರುವುದನ್ನೆಲ್ಲ ಡಿಸ್ಕಿಗೆ ಬರೆದಿಟ್ಟು ಪೂರ್ತಿ ಆರಿಹೋಗುತ್ತದೆ. ದೀಪ ಇಲ್ಲ, ಬ್ಯಾಟರಿ ಖರ್ಚೂ ಇಲ್ಲ. ಬರೀ ಮುಚ್ಚಳ ಎತ್ತಿದರೆ ಏಳುವುದಿಲ್ಲ, ಪವರ್ ಬಟನ್ ಒತ್ತಬೇಕು. ಆಗ ಬಿಟ್ಟ ಜಾಗದಿಂದಲೇ ಶುರು. ಮೆನುವಿನಲ್ಲಿ ಅದು ಇರಲೇ ಇಲ್ಲ, ಅವನು ಪವರ್ ಸೆಟ್ಟಿಂಗ್‌ಗೆ ಹೋಗಿ ಟಿಕ್ ಹಾಕಿಕೊಟ್ಟ. ಮುಚ್ಚಳ ಮುಚ್ಚಿದರೆ ಸ್ಲೀಪ್ ಎಂಬುದು ಹಳೆಯ ಹಾಗೇ ಉಳಿಯಿತು. ನಾನು ಮೊದಲು ಮೆನುವಿನಿಂದ ಹೈಬರ್ನೇಟ್ ಮಾಡಿ ಆಮೇಲೆ ಮುಚ್ಚಬೇಕು.

"ಪಾಸ್‌ವರ್ಡ್ ಹಾಕ್ಕೊಡ್ಲಾ ಸರ್? ಎರಡು ನಿಮಿಷ."

ಬೇಡ ಎಂದೆ. ಮನೆಯಲ್ಲಿರುವವರು ಮೂರು ಜನ. ಯಾರಿಗೆ ಬೀಗ ಹಾಕಲಿ.

ಮಾರ್ಚ್ 6, ಸಂಜೆ 5.40

ಹೈಬರ್ನೇಟ್ ಮಾಡಿ ಹೋಗಿದ್ದೆ. ಬಂದರೆ ದೀಪ ಮಿಣುಕುತ್ತಿದೆ.

ಮರೆತಿರಬೇಕು. ವಯಸ್ಸಾಯಿತು. ಮೊನ್ನೆ ಕನ್ನಡಕ ಹಾಕಿಕೊಂಡೇ ಕನ್ನಡಕ ಹುಡುಕಿದವನು ನಾನು.

ಮಾರ್ಚ್ 7, ಶನಿವಾರ

ಮನೆಯಲ್ಲೇ ಕೂತು ಮೂರು ಸಲ ಹೈಬರ್ನೇಟ್ ಮಾಡಿದೆ, ಅರ್ಧರ್ಧ ಗಂಟೆ ಬಿಟ್ಟು ನೋಡಿದೆ. ಮೂರು ಸಲವೂ ದೀಪ ಆರಿಯೇ ಇತ್ತು. ಯಂತ್ರದ ತಪ್ಪಲ್ಲ.

ಮಾರ್ಚ್ 9

ಬೆಳಿಗ್ಗೆ ಹೈಬರ್ನೇಟ್ ಮಾಡಿ, ನೆನಪಿಗೆ ನಂಬಿಕೆಯಿಲ್ಲದೆ ಅಂಗೈ ಮೇಲೆ ಬರೆದುಕೊಂಡೆ. ಬ್ಯಾಟರಿ 84. ಸಂಜೆ ಬಂದಾಗ ಅಂಗೈಯಲ್ಲಿ 84, ಲ್ಯಾಪ್‌ಟಾಪಿನಲ್ಲಿ 71. ದೀಪ ಮಿಣುಕುತ್ತಿದೆ.

ಫೋನ್ ಮಾಡಿ ಲ್ಯಾಬಿನವನನ್ನು ಕೇಳಿದೆ. "ಸ್ಲೀಪ್‌ನಿಂದ ಹೈಬರ್ನೇಟ್‌ಗೆ ತಾನಾಗೇ ಹೋಗುತ್ತೆ ಸರ್, ಹಾಗೆ ಸೆಟ್ ಮಾಡಿದ್ರೆ. ಹೈಬರ್ನೇಟ್‌ನಿಂದ ಸ್ಲೀಪ್‌ಗೆ ತಾನಾಗೇ ಬರಲ್ಲ. ಯಾರೋ ಬಟನ್ ಒತ್ತಿ, ನೋಡಿ, ಮುಚ್ಚಿರ್ತಾರೆ."

ಯಾರೋ. ಹಗಲಲ್ಲಿ ಮನೆಯಲ್ಲಿ ಇಬ್ಬರೇ. ಅಕ್ಕನಿಗೆ ಲ್ಯಾಪ್‌ಟಾಪ್ ಎಂದರೆ ಧೂಳು ಒರೆಸುವ ಸಾಮಾನು. ಉಳಿದವಳು ಓದುವ ರಜೆಯಲ್ಲಿದ್ದಾಳೆ. ಸಂಜೆ ನನಗೆ ಕಾಫಿ ತಂದುಕೊಟ್ಟು, "ಮಾಮ, ಸುಸ್ತಾಗಿದ್ಯಾ?" ಎಂದು ಕೇಳಿದಳು. ಮುಖದಲ್ಲಿ ಏನೂ ಇಲ್ಲ. ಈ ವಯಸ್ಸಿಗೇ ಇಷ್ಟು ಕಲಿತಿದ್ದಾಳೆ.

ಮಾರ್ಚ್ 10

ಪಾಸ್‌ವರ್ಡ್ ಹಾಕಿದ್ದರೆ ಇಲ್ಲಿಗೇ ಮುಗಿಯುತ್ತಿತ್ತು. ಎರಡು ನಿಮಿಷದ ಕೆಲಸ. ಹಾಕಲಿಲ್ಲ. ಕೂಗಿ ಕೇಳಬಹುದಿತ್ತು. ಕೇಳಲಿಲ್ಲ. ಕೇಳಿದರೆ ಅಳುತ್ತಾಳೆ, ಅಕ್ಕ ಅಡ್ಡ ಬರುತ್ತಾಳೆ, ಕೊನೆಗೆ ನಾನೇ ಕೆಟ್ಟವನಾಗುತ್ತೇನೆ. ಅದು ಬೇಡ. ತಾನಾಗಿ ಬಂದು ಬೀಳಲಿ.

ಲ್ಯಾಪ್‌ಟಾಪಿನ ಪೇಪರನ್ನು ಪೂರ್ತಿ ಮಾಡಿದೆ, ಹತ್ತೂ ಪ್ರಶ್ನೆ, ಚೆಂದವಾಗಿ. ಏಳನೆಯದು ನನ್ನ ವಿಶೇಷ. ಒಂದು ಸರ್ಕ್ಯೂಟ್, ಒಂದು ರೆಸಿಸ್ಟೆನ್ಸ್ ಕಂಡುಹಿಡಿಯಬೇಕು. ಆರು ಹೆಜ್ಜೆ ಸರಿಯಾಗಿ ಮಾಡಿಕೊಂಡು ಹೋದವರಿಗೆ ಏಳನೇ ಹೆಜ್ಜೆಯಲ್ಲಿ ಮೈನಸ್ ನಾಲ್ಕು ಓಮ್ ಬರುತ್ತದೆ. ಸೊನ್ನೆಗಿಂತ ಕಡಿಮೆ ರೆಸಿಸ್ಟೆನ್ಸ್ ಇರುವ ತಂತಿ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಕೂತು ತಿಣುಕಲಿ.

ನಿಜವಾದ ಪೇಪರ್ ಬೇರೆ. ಕಾಲೇಜು ಲೈಬ್ರರಿಯಲ್ಲಿ ಕೂತು ಕೈಯಲ್ಲಿ ಬರೆಯುತ್ತಿದ್ದೇನೆ. ಇದಕ್ಕೂ ಅದಕ್ಕೂ ಒಂದು ಪ್ರಶ್ನೆಯೂ ತಾಳೆಯಾಗುವುದಿಲ್ಲ.

ಮಾರ್ಚ್ 12

ನಿನ್ನೆ ಬೆಳಿಗ್ಗೆ 90, ಸಂಜೆ 66. ದೀಪ ಮಿಣುಕುತ್ತಿತ್ತು. ತುಂಬಾ ಹೊತ್ತು ತೆರೆದಿಟ್ಟಿದ್ದಾರೆ. ಕಾಪಿ ಮಾಡಿಕೊಂಡಾಗಿದೆ.

ಕವರ್ ಕೊಟ್ಟೆ. ಪ್ರಿನ್ಸಿಪಾಲರು ಕೈಬರಹ ನೋಡಿ ಮೂಗು ಮುರಿದರು. "ಟೈಪ್ ಮಾಡ್ಲಿಲ್ವಾ?" ಲ್ಯಾಪ್‌ಟಾಪ್ ಕೆಟ್ಟಿದೆ ಎಂದೆ.

ಮನೆಯಲ್ಲಿ ಎಲ್ಲ ಎಂದಿನಂತೆ. ಗುಬ್ಬಿ ತಟ್ಟೆ ಹಿಡಿದುಕೊಂಡೇ ಪುಸ್ತಕ ಓದುತ್ತಾಳೆ. ಎಷ್ಟು ಚೆಂದದ ನಾಟಕ.

ಮಾರ್ಚ್ 28, ಮಧ್ಯಾಹ್ನ 1.15

ಪರೀಕ್ಷೆ ಆಯಿತು. ನನಗೆ ಡ್ಯೂಟಿ ಇರಲಿಲ್ಲ, ಆದರೂ ಕಾರಿಡಾರಿನಲ್ಲಿ ಎರಡು ಸಲ ಹಾದುಹೋದೆ. ಕಿಟಕಿಯ ಪಕ್ಕ ಮೂರನೇ ಬೆಂಚು. ಪೇಪರ್ ಓದಿದಳು. ತಿರುಗಿಸಿದಳು. ಹಿಂದೆ ಬೇರೇನಾದರೂ ಅಚ್ಚಾಗಿದೆಯೇನೋ ಎಂಬಂತೆ ಮತ್ತೆ ತಿರುಗಿಸಿದಳು. ಎರಡನೇ ಸಲ ಹೋದಾಗ ಪೆನ್ನಿನ ಮುಚ್ಚಳ ಕಚ್ಚುತ್ತ ಕೂತಿದ್ದಳು.

ನನಗೆ ಸಂತೋಷವಾಯಿತು. ಯಾರೂ ಓದದ ನೋಟ್‌ಬುಕ್ಕು, ಇಲ್ಲಾದರೂ ಸುಳ್ಳು ಬೇಡ. ಸಂತೋಷವಾಯಿತು.

ಮಾರ್ಚ್ 30

ಎರಡು ದಿನದಿಂದ ಅವಳು ಸರಿಯಾಗಿ ಊಟ ಮಾಡಿಲ್ಲ. ಇವತ್ತು ತಿಂಡಿಯ ಹೊತ್ತಿಗೆ ನಾನೇ ಕೆದಕಿದೆ. ಇಷ್ಟು ದಿನ ಬಾಯಲ್ಲಿಟ್ಟುಕೊಂಡಿದ್ದ ಮಾತು.

"ಏನಮ್ಮಾ, ಓದಿದ್ದು ಯಾವುದೂ ಬರಲಿಲ್ವಾ?"

ತಲೆ ತಗ್ಗಿಸಲಿಲ್ಲ. ನೇರವಾಗಿ ನನ್ನನ್ನೇ ನೋಡಿದಳು. "ಇಲ್ಲ ಮಾಮ. ನೀನು ಅಮ್ಮನ ಹತ್ರ ಕೊಟ್ಟು ಕಳಿಸಿದ್ಯಲ್ಲ, ಇಂಪಾರ್ಟೆಂಟ್ ಪ್ರಶ್ನೆ, ಅವನ್ನೇ ಕೂತು ಕೂತು ಓದಿದ್ದೆ. ಒಂದೂ ಬರಲಿಲ್ಲ. ಪರವಾಗಿಲ್ಲ, ನಿನಗೆ ಹೇಗೆ ಗೊತ್ತಿರುತ್ತೆ ಏನು ಬರುತ್ತೆ ಅಂತ. ಪೇಪರ್ ಬೇರೆ ಯಾರೋ ತೆಗೆದಿರ್ತಾರೆ."

ಮಿಷನ್ ನಿಂತಿತು. ಅಕ್ಕ ಸೂಜಿಗೆ ದಾರ ಪೋಣಿಸುವವಳ ಹಾಗೆ ಬಗ್ಗಿದಳು. ಸೂಜಿಯಲ್ಲಿ ದಾರ ಆಗಲೇ ಇತ್ತು.

ಪೇಪರ್ ತೆಗೆದವನು ನಾನೇ ಎಂಬುದನ್ನು ಗುಬ್ಬಿಗೆ ಯಾರೂ ಹೇಳಿಲ್ಲ. ನಾನೂ ಹೇಳಿಲ್ಲ, ಹೇಳಬಾರದು ಎಂದು ನಿಯಮ. ಅವಳು ಎದ್ದು ಬಟ್ಟೆ ಒಣಹಾಕಲು ಹೋದಳು.

ಅದೇ ದಿನ, 11.30

ಅಕ್ಕ ತಾನಾಗಿ ಡ್ರಾಯರ್ ಎಳೆದು ತೆಗೆದುಕೊಟ್ಟಳು. ಅಳತೆ ಬರೆಯುವ ಚೀಟಿಗಳು. ಒಂದು ಕಡೆ ಎದೆ 36, ತೋಳು 9, ಯಾರದೋ ರವಿಕೆ. ಇನ್ನೊಂದು ಕಡೆ ನನ್ನ ಪ್ರಶ್ನೆಗಳು. ಏಳನೆಯದರ ಸರ್ಕ್ಯೂಟನ್ನೂ ಬಿಡಿಸಿದ್ದಾಳೆ. ಅರ್ಥ ಗೊತ್ತಿಲ್ಲದವಳು ರೆಸಿಸ್ಟರ್ ಗುರುತನ್ನು ಜಿಗ್‌ಜಾಗ್ ಹೊಲಿಗೆಯ ಹಾಗೆ ಒಪ್ಪವಾಗಿ, ಒಂದು ಮೂಲೆಯೂ ಹೆಚ್ಚುಕಮ್ಮಿಯಾಗದಂತೆ ಎಳೆದಿದ್ದಾಳೆ.

"ಬಟನ್ ಒತ್ತೋದು ಯಾರು ಹೇಳ್ಕೊಟ್ರು?"

"ದಿನಾ ನೀನು ಪಕ್ಕದಲ್ಲೇ ಒತ್ತೀಯಲ್ಲೋ. ನನಗೆ ಕಣ್ಣಿಲ್ವಾ."

"ನನ್ನನ್ನ ಕೇಳಬಾರದಿತ್ತಾ?"

"ಕೇಳಿದ್ರೆ ಕೊಡ್ತಿದ್ಯಾ?"

"ಇಲ್ಲ."

"ಅದಕ್ಕೇ ಕೇಳಲಿಲ್ಲ."

ಅಮ್ಮ ಹೋದಾಗ ನನಗೆ ಹನ್ನೊಂದು, ಅವಳಿಗೆ ಹದಿನೇಳು. ಅವಳು ಕಾಲೇಜು ಬಿಟ್ಟು ಮಿಷನ್ನಿಗೆ ಕೂತಳು, ನಾನು ಓದಿದೆ. ಇದನ್ನು ಅವಳು ಇವತ್ತಿಗೂ ಬಾಯಿಬಿಟ್ಟು ಆಡಿಲ್ಲ. ಇವತ್ತೂ ಆಡಲಿಲ್ಲ. ಆಡಿದ್ದರೆ ಜಗಳವಾಡಬಹುದಿತ್ತು.

ಡ್ರಾಯರ್ ಮುಚ್ಚಿ ಕೇಳಿದಳು: "ನಿನಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು. ಅವಳು ಅಂದ್ಕೊಂಡಿದ್ದೆ."

"ಗೊತ್ತಿದ್ದೂ ಸುಮ್ನೆ ಇದ್ಯಾ." ಧ್ವನಿ ಏರಲಿಲ್ಲ. "ನನ್ನ ಕರೆದು ಬೈದಿದ್ರೆ ಆಗ್ತಿತ್ತು. ಎರಡೇಟು ಹಾಕಿದ್ರೂ ತಿಂತಿದ್ದೆ. ಮಗು ಏನು ಮಾಡಿತ್ತೋ?"

ಹತ್ತೊಂಬತ್ತು ವರ್ಷ ಕಂಡ ಮುಖದಲ್ಲಿ ಏನೂ ಇಲ್ಲದಿದ್ದರೆ, ಅದು ಏನೂ ಮಾಡಿರದ ಮುಖ ಎಂದು ನನಗೆ ಹೊಳೆಯಲಿಲ್ಲ. ದೀಪವನ್ನು ನಂಬಿದೆ, ಬ್ಯಾಟರಿಯನ್ನು ನಂಬಿದೆ.

"ಅವಳಿಗೆ ಹೇಳ್ಬೇಡ ಕಣೋ," ಎಂದಳು ಅಕ್ಕ. "ಅಮ್ಮ ಕದ್ದಳು ಅಂತ ಗೊತ್ತಾಗೋದು ಬೇಡ."

ಹೇಳುವುದಿಲ್ಲ ಎಂದೆ. ತನಗಾಗಿ ಎಂದು ಅಕ್ಕ ತಿಳಿದುಕೊಂಡಳು.

ಏಪ್ರಿಲ್ 26

ಫಲಿತಾಂಶ. ಫಿಸಿಕ್ಸ್ 24. ಪಾಸಾಗಲು 35. ಉಳಿದ ಎಲ್ಲದರಲ್ಲೂ ಎಪ್ಪತ್ತರ ಮೇಲೆ.

ಏಪ್ರಿಲ್ 27

ಲ್ಯಾಬಿನವನ ಹತ್ತಿರ ಪಾಸ್‌ವರ್ಡ್ ಹಾಕಿಸಿದೆ. ನಿಜಕ್ಕೂ ಎರಡೇ ನಿಮಿಷ.

ಮೇ 2, ಬೆಳಿಗ್ಗೆ

ಗುಬ್ಬಿ ಮಿಷನ್ನಿಗೆ ಕೂತಿದ್ದಾಳೆ. ಅಕ್ಕ ಪಕ್ಕದಲ್ಲಿ ನಿಂತು ಕಾಜಾ ಹೊಲಿಯುವುದನ್ನು ತೋರಿಸುತ್ತಿದ್ದಾಳೆ. ಇಬ್ಬರೂ ನನ್ನ ಕಡೆ ತಿರುಗಲಿಲ್ಲ. ಸ್ಕ್ರೀನ್ ನಡುಗುತ್ತಿದೆ. ಇವಳ ತುಳಿತ ಬೇರೆ, ತಡೆದು ತಡೆದು.

ಮೇ 9, ಸಂಜೆ 4.20

ಈಗ ತಾನೆ ಬಂದು ಎದುರಿಗೆ ಕೂತಳು. ಕೈಯಲ್ಲಿ ಅಳತೆ ಚೀಟಿ, ಅಂಚೆಲ್ಲ ಸವೆದಿದೆ. ಜೊತೆಗೊಂದು ನೋಟ್‌ಬುಕ್, ಹದಿನಾಲ್ಕು ಪುಟ ತುಂಬ ಅದೇ ಒಂದು ಸರ್ಕ್ಯೂಟ್.

"ಮಾಮ, ಇದೊಂದು ಹೇಳ್ಕೊಡು. ಸಪ್ಲಿಮೆಂಟರಿಗೆ ಕಟ್ತೀನಿ. ಏಳನೇದು. ಪರೀಕ್ಷೆಗೆ ಮುಂಚೆ ಎರಡು ದಿನ ಇದನ್ನೇ ಹಿಡ್ಕೊಂಡು ಕೂತಿದ್ದೆ, ಬೇರೆ ಪಾಠ ಮುಟ್ಟಲೇ ಇಲ್ಲ. ನಿನ್ನ ಕೇಳೋಣ ಅಂದ್ರೆ ಅಮ್ಮ ಬೇಡ ಅಂದ್ಲು. ಯಾವ ಕಡೆಯಿಂದ ಮಾಡಿದ್ರೂ ಮೈನಸ್ ನಾಲ್ಕೇ ಬರುತ್ತೆ."

"ಪ್ರಶ್ನೆಯೇ ತಪ್ಪಿರಬಹುದು ಅನ್ನಿಸಲಿಲ್ವಾ?" ಎಂದೆ.

ನಕ್ಕಳು. ಪರೀಕ್ಷೆಯಾದ ಮೇಲೆ ಇವತ್ತೇ ನಕ್ಕದ್ದು. "ನೀನು ಕೊಟ್ಟಿರೋ ಪ್ರಶ್ನೆ ಹೇಗೆ ತಪ್ಪಿರುತ್ತೆ? ನಾನೇ ಎಲ್ಲೋ ದಡ್ಡಿ. ಎಲ್ಲಿ ಅಂತ ಹುಡುಕಿಕೊಡು."

ಒಂದು ನಿಮಿಷ ಎಂದೆ. ಏನೋ ಲೆಕ್ಕ ಹಾಕುವವನ ಹಾಗೆ ಇದನ್ನು ಬರೆಯುತ್ತ ಕೂತಿದ್ದೇನೆ. ಅವಳು ಪೆನ್ಸಿಲ್ ಚೂಪು ಮಾಡುತ್ತಿದ್ದಾಳೆ. ಆರು ಹೆಜ್ಜೆಯೂ ಸರಿಯಾಗಿವೆ, ನಮ್ಮ ಕ್ಲಾಸಿನಲ್ಲಿ ಹೀಗೆ ಮಾಡುವವರು ಇಬ್ಬರು ಸಿಕ್ಕರೆ ಹೆಚ್ಚು. ಮಿಷನ್ ನಿಂತಿದೆ. ಅಕ್ಕ ಕೇಳಿಸಿಕೊಳ್ಳುತ್ತಿದ್ದಾಳೆ. ಚೂಪು ಮಾಡಿಯಾಯಿತು, ಪೆನ್ಸಿಲ್ ನನ್ನ ಕಡೆ ಚಾಚಿದ್ದಾಳೆ. ಹೇಳಬೇಕು. ಗುಬ್ಬಿ, ನೀನು ದಡ್ಡಿಯಲ್ಲ, ಈ ಪ್ರಶ್ನೆಯನ್ನು ನಾನು ಬೇಕೆಂದೇ