ನಲವತ್ತೊಂದನೆಯ ಹಾಳೆ

ಬುಧವಾರ, ಹದಿನಾಲ್ಕನೆಯ ತಾರೀಖು

ಪ್ರೀತಿಯ ಗುಬ್ಬಿಗೆ ನಿನ್ನ ಅಮ್ಮ ಮಾಡಿಕೊಳ್ಳುವ ಅರಿಕೆ ಏನೆಂದರೆ,

ಕ್ಷೇಮವೆಂದು ಬರೆಯಲಾರೆ. ಒಂದೇ ಗೋಡೆಯ ಆಚೀಚೆ ಮಲಗುವವರ ನಡುವೆ ಕಾಗದವೇಕೆ ಎಂದು ನೀನು ಕೇಳಬಹುದು. ಮೂವತ್ತೊಂದು ವರ್ಷ ಕೋರ್ಟಿನಲ್ಲಿ ಅನ್ಯರ ಅರ್ಜಿಗಳನ್ನು ನಕಲು ಮಾಡಿದವಳಿಗೆ ಸ್ವಂತ ಸಂಗತಿಯನ್ನು ಬಾಯಿಬಿಟ್ಟು ಹೇಳುವ ಅಭ್ಯಾಸವಿಲ್ಲ.

ಮುಟ್ಟು ನಿಂತ ಮೇಲೂ ರಕ್ತ ಕಂಡರೆ ಹೆಂಗಸರು ಎಷ್ಟು ಕಾಲ ಮುಚ್ಚಿಡುತ್ತಾರೆ, ಅಷ್ಟರಲ್ಲಿ ಗರ್ಭಕೋಶದ ಕ್ಯಾನ್ಸರ್ ಎಷ್ಟು ಬಲಿತಿರುತ್ತದೆ ಎಂಬ ನಿನ್ನ ಸಂಶೋಧನೆಗೆ ಇನ್ನೂರ ಹನ್ನೆರಡು ಮಂದಿ ಪೆನ್ಸಿಲ್ಲಿನಲ್ಲಿ ಉತ್ತರ ಗೀಚಿಕೊಟ್ಟರು. ಅವನ್ನು ಶಾಯಿಯಲ್ಲಿ ಶುದ್ಧ ಪ್ರತಿ ಮಾಡುವ ಕೆಲಸವನ್ನು ನನಗೆ ವಹಿಸಿದೆ. "ನಿನ್ನ ಅಕ್ಷರ ಮುತ್ತು ಕಣಮ್ಮ, ನಮ್ಮ ಡಾಕ್ಟರುಗಳದ್ದು ಕೋಳಿ ಕೆದಕಿದ ಹಾಗೆ" ಎಂದು ನಗಿಸಿದೆ. ಸದರಿ ಹೆಂಗಸರಲ್ಲಿ ನಾನೂ ಒಬ್ಬಳು, ನಲವತ್ತೊಂದನೆಯವಳು. ಪ್ರತಿ ಹಾಳೆಯ ಕೆಳಗೂ ಕೋರ್ಟಿನ ಪದ್ಧತಿಯಂತೆ 'ನಕಲು ಮೂಲಕ್ಕೆ ಸರಿಯಾಗಿದೆ' ಎಂದು ರುಜು ಹಾಕಿದೆ.

ನನ್ನ ಪೆನ್ಸಿಲ್ ಹಾಳೆಯಲ್ಲಿ 'ಮುಟ್ಟು ನಿಂತ ಮೇಲೆ ರಕ್ತ ಕಂಡಿದೆಯೇ?' ಎಂಬ ಒಂಬತ್ತನೆಯ ಪ್ರಶ್ನೆಗೆ 'ಹೌದು' ಎಂದಿತ್ತು. ಶಾಯಿಯಲ್ಲಿ 'ಇಲ್ಲ' ಎಂದು ಬರೆದೆ. ಹಿಂದಿನ ದಿನವಷ್ಟೇ ನೀನು ಜೊತೆಯವರ ಮುಂದೆ, "ನಮ್ಮಮ್ಮನಿಗೆ ಒಂದು ತಲೆನೋವೂ ಬಂದದ್ದಿಲ್ಲ" ಎಂದು ಜಂಬ ಕೊಚ್ಚಿದ್ದೆ.

ಇದಾಗಿ ಹತ್ತು ತಿಂಗಳು. ರಕ್ತ ನಿಂತಿಲ್ಲ. ಬಚ್ಚಲಿನಲ್ಲಿ ನಲ್ಲಿ ಪೂರ್ತಿ ತಿರುಗಿಸಿಕೊಂಡು ಬಟ್ಟೆ ಹಿಂಡುತ್ತೇನೆ. ಹೊರಗಿನಿಂದ ನೀನು, "ಒಳಗೇನು ಕೆರೆ ತುಂಬಿಸ್ತಿದೀಯಾ?" ಎಂದು ಕೂಗುತ್ತೀಯೆ.

ನಿನ್ನ ಸಂಶೋಧನೆಯ ಲೇಖನ ಅಚ್ಚಾದಾಗ ಮೊದಲ ಪುಟಕ್ಕೆ ಚೌಕಟ್ಟು ಹಾಕಿಸಿ ನನ್ನ ಮಂಚದ ಎದುರು ತೂಗುಹಾಕಿದವಳೂ ನಾನೇ. ಈಗ ಕಣ್ಣುಬಿಟ್ಟರೆ 'ಹತ್ತೊಂಬತ್ತು ಮಂದಿ ಹೌದೆಂದರು' ಎಂಬ ಸಾಲು; ಮಗ್ಗುಲಾದರೆ ಬರಿಯ ಗೋಡೆ. ಹೇಳಿದರೆ ನೀನು ಅಚ್ಚು ಹಾಕಿಸಿದ್ದು ಸುಳ್ಳಾಗುತ್ತದೆ. ಹೇಳದಿದ್ದರೆ, ನೀನೇ ಬರೆದಿರುವಂತೆ, ಕಾದಷ್ಟೂ ಕೈಮೀರುತ್ತದೆ. ಭಾನುವಾರ ಮನೆಗೆ ಬಂದ ನಿನ್ನ ಮೇಲಧಿಕಾರಿ, "ಪ್ರತಿ ಮಾಡಿದ್ದು ನೀವಾ? ಒಂದು ತಪ್ಪಿಲ್ಲವಲ್ರೀ!" ಎಂದಾಗ, ಅದು ನಮ್ಮ ಕಚೇರಿಯ ಶಿಸ್ತು ಎಂದು ತಲೆಯೆತ್ತಿಯೇ ಉತ್ತರಿಸಿದೆ. ನಾಚಿಕೆ ಆಮೇಲೆ ಬಂತು.

ಆದಕಾರಣ, ನನ್ನನ್ನು ಪರೀಕ್ಷೆಗೆ ಕರೆದೊಯ್ಯಬೇಕಾಗಿಯೂ, ಲೇಖನಕ್ಕೆ ತಿದ್ದುಪಡಿ ಪ್ರಕಟಿಸಬೇಕಾಗಿಯೂ, ಸಿಟ್ಟು ಮಾಡುವುದಿದ್ದಲ್ಲಿ ಅದನ್ನು ಪರೀಕ್ಷೆಯ ತರುವಾಯಕ್ಕೆ ಮುಂದೂಡಬೇಕಾಗಿಯೂ ಕೋರುತ್ತೇನೆ.

ಇಂತು,
ನಿನ್ನ ಅಮ್ಮ
(ನಿವೃತ್ತ ನಕಲುಗಾರ್ತಿ)

ತಾ.ಕ.: ವಿಷಯ ಇಷ್ಟೇ ಆಗಿದ್ದರೆ ಬರೆಯದೆ ನನ್ನೊಂದಿಗೇ ಒಯ್ಯುತ್ತಿದ್ದೆ. ಕೆಳಮಹಡಿಯ ಹೊಲಿಗೆಯವಳೂ ನಿನ್ನ ಪಟ್ಟಿಯಲ್ಲಿದ್ದಳು; ಅವಳೂ 'ಹೌದು' ಎಂದೇ ಬರೆದಿದ್ದಳು. "ಭಯ ಆಗತ್ತೆ ಅಕ್ಕಾ" ಎಂದು ಅತ್ತಾಗ, "ನನಗೂ ಹಾಗೇ ಆಗತ್ತೆ ಕಣೇ, ಸಾಯ್ತೀನಾ?" ಎಂದು ಬಾಯಿತಪ್ಪಿ ಹೇಳಿಬಿಟ್ಟೆ. ನೀನು ಅವಳನ್ನು ಕರೆಸಿದರೆ ನನ್ನ ಗುಟ್ಟು ಹೊರಬೀಳುವುದೆಂದು, ಅವಳಿಗೆ ತಿಳಿಸದೆ, ಅವಳ ಹಾಳೆಯಲ್ಲೂ 'ಇಲ್ಲ' ಎಂದು ಬರೆದೆ. 'ಹೌದು' ಎಂದವರನ್ನೆಲ್ಲ ನೀನು ಕರೆಸಿ ಪರೀಕ್ಷಿಸಿದೆ. ತನಗೆ ಕರೆ ಬರಲಿಲ್ಲವಾದ್ದರಿಂದ ತನಗೇನೂ ಇಲ್ಲವೆಂದು ಅವಳು ನಂಬಿಕೊಂಡಿದ್ದಾಳೆ. ನಾಲ್ಕು ದಿನದಿಂದ ಅವಳ ಯಂತ್ರದ ಸದ್ದು ಕೇಳುತ್ತಿಲ್ಲ. ಮೊದಲು ಕೆಳಗಿಳಿದು ಅವಳ ಬಾಗಿಲು ತಟ್ಟು. ನಾನು ಕಾಯುತ್ತೇನೆ.